ಮಂಡಿಗೆ ಲೇಸರ್ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಒಂದು ವರ್ಷದಿಂದ ಬಲ ಮಂಡಿ ನೋವು, ಮೆಟ್ಟಿಲು ಹತ್ತುವುದೇ ಕಷ್ಟ. ಬಿದ್ದು ಪೆಟ್ಟು ಮಾಡಿಕೊಂಡಿಲ್ಲ. ಎಂಆರ್‌ಐನಲ್ಲಿ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆ, ಸವೆತವೂ ಇದೆ ಅಂತ ಬಂದಿದೆ. ಆರ್ತ್ರೋಸ್ಕೋಪಿ ಮಾಡಿ ಲೇಸರ್‌ನಲ್ಲಿ ಸರಿ ಮಾಡುತ್ತೇವೆ, ಗಾಯ ಚಿಕ್ಕದು, ಖರ್ಚು ಮಾತ್ರ ಜಾಸ್ತಿ ಅಂದಿದ್ದಾರೆ. ಮಾಡಿಸೋಣವಾ ಸರ್?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಲೇಸರ್ ಅನ್ನುವ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಗಾಯ ಚಿಕ್ಕದಾಗುವುದು ಆರ್ತ್ರೋಸ್ಕೋಪಿಯಿಂದ. ಸಣ್ಣ ರಂಧ್ರ ಮಾಡಿ ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ ಹಾಕುತ್ತಾರೆ. ಒಳಗೆ ಲೇಸರ್ ಬಳಸಿದರೂ ಹರಿದ ಭಾಗ ಕೆರೆದು ತೆಗೆಯುವ ಮಾಮೂಲಿ ಶೇವರ್ ಬಳಸಿದರೂ ರಂಧ್ರ ಅಷ್ಟೇ.

ಮಂಡಿಗೆ ಲೇಸರ್ ಹೊಸದೇನೂ ಅಲ್ಲ. 1980ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಳಸಿ ನೋಡಿದರು. ಅದರ ಕಿರಣವನ್ನು ನೀರು ಹೀರಿಕೊಂಡುಬಿಡುತ್ತದೆ, ಆರ್ತ್ರೋಸ್ಕೋಪಿ ಮಾಡುವುದೋ ಮಂಡಿಯೊಳಗೆ ಸಲೈನ್ ತುಂಬಿಸಿ, ಹಾಗಾಗಿ ಸಲೈನ್ ಬದಲು ಗ್ಯಾಸ್ ತುಂಬಬೇಕಾಯಿತು, ಆ ಗ್ಯಾಸ್ ಕೆಲವರಿಗೆ ಚರ್ಮದ ಅಡಿ ಸೇರಿಕೊಂಡು ತೊಂದರೆ ಕೊಟ್ಟಿತು. ಆಮೇಲೆ ಬಂದ ಹೋಲ್ಮಿಯಂ ಲೇಸರ್ ತೆಳುವಾದ ಫೈಬರ್ ಮೂಲಕ ಸಲೈನ್‌ನಲ್ಲೇ ಕೆಲಸ ಮಾಡುತ್ತಿತ್ತು, ಬೇರೆ ಉಪಕರಣ ತಲುಪದ ಸಂದಿಗೂ ಹೋಗುತ್ತಿತ್ತು. 1990ರ ದಶಕದಲ್ಲಿ ಅದನ್ನು ಬಹಳ ಹೊಗಳಿದರು. ಆದರೆ ಲೇಸರ್ ಬಳಸಿದ ಕೆಲವರಲ್ಲಿ ಪಕ್ಕದ ಮೂಳೆಯ ಭಾಗ ಸತ್ತುಹೋಗಿದ್ದು ವರದಿಯಾಯಿತು. ಯಂತ್ರವೂ ದುಬಾರಿ. ಶೇವರ್, ಕತ್ತರಿಸಿ ತೆಗೆಯುವ ಪಂಚ್‌ಗಿಂತ ಹೆಚ್ಚು ಗುಣವೂ ಕಾಣಲಿಲ್ಲ. ಹಾಗಾಗಿ ಮಂಡಿಯಲ್ಲಿ ಅದರ ಬಳಕೆ ಕಡಿಮೆಯಾಯಿತು. ಕಿಡ್ನಿ ಕಲ್ಲು ಒಡೆಯಲು ಈಗಲೂ ಅದೇ ಹೋಲ್ಮಿಯಂ ಲೇಸರ್ ಚೆನ್ನಾಗಿ ಕೆಲಸಕ್ಕೆ ಬರುತ್ತಿದೆ.

ಅದಕ್ಕಿಂತ ಮುಖ್ಯವಾದದ್ದು, ಅಮ್ಮನಿಗೆ ಆರ್ತ್ರೋಸ್ಕೋಪಿಯೇ ಬೇಕಾ ಅನ್ನುವುದು. ಈ ವಯಸ್ಸಿನಲ್ಲಿ ಸವೆತದ ಜೊತೆ ಮೆನಿಸ್ಕಸ್ ಹರಿದಿರುವುದು ತುಂಬಾ ಸಾಮಾನ್ಯ, ನೋವೇ ಇಲ್ಲದವರ ಎಂಆರ್‌ಐನಲ್ಲೂ ಕಾಣುತ್ತದೆ. 2002ರಲ್ಲಿ ಅಮೆರಿಕದಲ್ಲಿ ಸವೆದ ಮಂಡಿಯ 180 ಜನರನ್ನು ಸೇರಿಸಿಕೊಂಡು, ಕೆಲವರಿಗೆ ನಿಜವಾದ ಆರ್ತ್ರೋಸ್ಕೋಪಿ, ಕೆಲವರಿಗೆ ಸುಮ್ನೆ ಚರ್ಮ ಕೊಯ್ದು ಹೊಲಿಗೆ ಹಾಕಿದರು. ನೋವು ಕಡಿಮೆಯಾಗಿದ್ದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಸವೆತ ಇಲ್ಲದೆ ಮೆನಿಸ್ಕಸ್ ಮಾತ್ರ ತಾನಾಗಿ ಹರಿದಿದ್ದ 146 ಜನರ ಮೇಲೆ ಫಿನ್ಲೆಂಡಿನಲ್ಲಿ ಇದೇ ತರಹ ನೋಡಿದರು. 2013ರಲ್ಲಿ ಬಂದ ಆ ಫಲಿತಾಂಶವೂ ಹಾಗೇ ಇತ್ತು. ಇಂಥ ಮಂಡಿಗೆ ಮೊದಲು ಆಪರೇಷನ್ ಹೇಳುವುದು ನನ್ನ ಪ್ರಕಾರ ತಪ್ಪು.

ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಬೇಕು. ಮೊದಲು ಸ್ವಲ್ಪ ನೋಯುತ್ತದೆ, ಅಮ್ಮ ಬೇಡ ಅಂದರೆ ಪಕ್ಕದಲ್ಲಿ ನಿಂತು ಮಾಡಿಸಿ. ತೂಕ ಜಾಸ್ತಿ ಇದ್ದರೆ ಇಳಿಸಲಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ. ನೋವಿನ ಮಾತ್ರೆ ಡಾಕ್ಟರ್ ಹೇಳಿದಷ್ಟೇ ಇರಲಿ, ಬಿಪಿ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಅವರಿಗೆ ತಿಳಿಸಿ.

ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ನೇರ ಮಾಡಲು ಆಗದೇ ಹೋದರೆ ಮಾತ್ರ ಮೂಳೆ ಡಾಕ್ಟರ್ ಹತ್ತಿರ ಬೇಗ ಹೋಗಿ, ಆಗ ಆರ್ತ್ರೋಸ್ಕೋಪಿ ಬೇಕಾಗಬಹುದು. ಜ್ವರದ ಜೊತೆ ಮಂಡಿ ಊದಿ ಬಿಸಿಯಾದರೆ ಅವತ್ತೇ ತೋರಿಸಿ.