ಪ್ರೋಟೀನ್ ಲೇಪನದ ಇಂಪ್ಲಾಂಟೇ ಬೇಕಾ?

ಸರ್, ಬಾಗಲಕೋಟೆಯಲ್ಲಿ ತಂದೆಯವರಿಗೆ ಹಲ್ಲಿನ ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸುವ ಸ್ಕ್ರೂ) ಹಾಕಿಸ್ತಿದ್ದೀವಿ, ಮೂಳೆ ಬೇಗ ಹಿಡಿಯೋಕೆ ಪ್ರೋಟೀನ್ ಲೇಪನದ್ದು ತಗೋಬೇಕಾ ಅಂತ ಕೇಳಿದ್ದೀರಿ. ಆ ಪ್ರೋಟೀನ್ ಬಿಎಂಪಿ, ಅಂದರೆ ಮೂಳೆ ಬೆಳೆಸುವ ಪ್ರೋಟೀನ್ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್) ಇರಬೇಕು. ಸುತ್ತಲಿನ ಎಳೆಯ ಕೋಶಗಳನ್ನು ಮೂಳೆ ಕಟ್ಟುವ ಕೆಲಸಕ್ಕೆ ಹಚ್ಚುತ್ತದೆ. ತೊಡಕಿರುವುದು ಪ್ರಮಾಣದಲ್ಲಿ. ಒಮ್ಮೆಲೇ ಜಾಸ್ತಿ ಹೊರಬಂದರೆ ಬಾವು ಬರುತ್ತದೆ, ಮೂಳೆ ಕರಗಲೂಬಹುದು. ಅಮೆರಿಕದಲ್ಲಿ 2007ರಲ್ಲಿ ದವಡೆಗೆ ಒಪ್ಪಿಗೆ ಸಿಕ್ಕಿದ್ದು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿಡುವ ಬಿಎಂಪಿಗೆ, ಸ್ಕ್ರೂ ಮೇಲಿನ ಲೇಪನಕ್ಕಲ್ಲ. ‘ಕೋಟಿಂಗ್’ ಅಂದರೆ ಯಾವುದು ಅಂತ ಡಾಕ್ಟರನ್ನೇ ಬಿಡಿಸಿ ಕೇಳಿ. ನನ್ನ ಕೇಳಿದರೆ, ಒರಟು ಮೈಯ ಟೈಟಾನಿಯಂ ಸಾಕು. ಸುಮ್ನೆ ದುಡ್ಡು ಯಾಕೆ? ಶುಗರ್ ಹತೋಟಿಯಲ್ಲಿರಲಿ, ತಂಬಾಕು ಬಿಡಿಸಿ. ನಮ್ಮಪ್ಪನಿಗೆ ಮೂಳೆ ಹಿಡಿಯೋಕೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟೂ ದಿನ ಕಡಕ್ ರೊಟ್ಟಿ ಬಂದ್, ಬರೀ ನುಚ್ಚು ಮಜ್ಜಿಗೆ. ಬೈದುಕೊಂಡೇ ಉಂಡರು!