ಡೆಮಾಕ್ರಟರಿಗೆ ಶ್ವೇತಭವನ ಹತ್ತಿರ, ಸೆನೆಟ್ ದೂರ

2024ರ ಸೋಲಿನ ನಂತರ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಎತ್ತ ಹೊರಟಿದೆ, ಮತ್ತೆ ಅಧಿಕಾರಕ್ಕೆ ಬರುವ ದಾರಿ ಯಾವುದು ಎಂದು ಹಲವು ಓದುಗರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಟ್ರಂಪ್‌ಗೆ 312 ಎಲೆಕ್ಟರ್ ಮತ, ಕಮಲಾ ಹ್ಯಾರಿಸ್‌ಗೆ 226. ಇಷ್ಟು ದೊಡ್ಡ ಸೋಲಿನಿಂದ ಪಕ್ಷ ಮೇಲೇಳುವುದುಂಟೇ?

ಉತ್ತರ: ಸೋಲು ದೊಡ್ಡದಾಗಿ ಕಾಣುವುದು ಎಲೆಕ್ಟರ್‌ಗಳ ಲೆಕ್ಕದಲ್ಲಿ. ಅಧ್ಯಕ್ಷರನ್ನು ಆರಿಸುವವರು ರಾಜ್ಯವಾರು ಎಲೆಕ್ಟರ್‌ಗಳು; ಬಹುತೇಕ ರಾಜ್ಯಗಳಲ್ಲಿ ಹೆಚ್ಚು ಮತ ಪಡೆದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು. ಜನರ ಮತಗಳಲ್ಲಿ ಟ್ರಂಪ್ ಪಡೆದದ್ದು ಸುಮಾರು 7.73 ಕೋಟಿ, ಹ್ಯಾರಿಸ್ 7.5 ಕೋಟಿ. ಅಂತರ ಶೇ 1.5ರಷ್ಟು, ಅಷ್ಟೇ. ಹ್ಯಾರಿಸ್ ಪೆನ್ಸಿಲ್ವೇನಿಯಾದಲ್ಲಿ ಸುಮಾರು 1.2 ಲಕ್ಷ, ಮಿಷಿಗನ್‌ನಲ್ಲಿ 80 ಸಾವಿರ, ವಿಸ್ಕಾನ್ಸಿನ್‌ನಲ್ಲಿ 29 ಸಾವಿರ ಮತಗಳಿಂದ ಸೋತರು. ಈ ಮೂರು ರಾಜ್ಯಗಳ ಎಲೆಕ್ಟರ್‌ಗಳು ಕ್ರಮವಾಗಿ 19, 15 ಮತ್ತು 10, ಒಟ್ಟು 44. ಅವರ 226ಕ್ಕೆ ಇದನ್ನು ಕೂಡಿಸಿದರೆ ಸರಿಯಾಗಿ 270. ಗೆಲುವಿಗೆ ಬೇಕಾದದ್ದೂ ಅಷ್ಟೇ. 2028ರಲ್ಲಿ ಇದೇ ಲೆಕ್ಕ ಜಾರಿಯಲ್ಲಿರುತ್ತದೆ. ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಟ್ರಂಪ್ ಮತ್ತೆ ಆಯ್ಕೆಯಾಗುವಂತಿಲ್ಲ. ಹಾಗಾಗಿ ಅಧ್ಯಕ್ಷ ಪದವಿ ಕೈಗೆಟುಕುವ ದೂರದಲ್ಲೇ ಇದೆ.

ಚಿಂತೆ ಇರುವುದು ಮತದಾರರ ಸ್ವರೂಪ ಬದಲಾಗುತ್ತಿರುವ ರೀತಿಯಲ್ಲಿ. ಟೆಕ್ಸಾಸ್‌ನ ದಕ್ಷಿಣ ಅಂಚಿನಲ್ಲಿ, ರಿಯೊ ಗ್ರಾಂಡ್ ನದಿಯ ದಡದಲ್ಲಿರುವ ಸ್ಟಾರ್ ಕೌಂಟಿಯನ್ನು (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನೋಡಿ. ಅಲ್ಲಿನ ಜನರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಶೇ 79ರಷ್ಟು ಮತ ಬಿದ್ದಿತ್ತು. 2020ರಲ್ಲಿ ಬೈಡನ್ ಶೇ 52ಕ್ಕೆ ಇಳಿದರು. 2024ರಲ್ಲಿ ಟ್ರಂಪ್ ಗೆದ್ದೇಬಿಟ್ಟರು. 1892ರ ನಂತರ ಆ ಕೌಂಟಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಗೆ ಒಲಿದದ್ದು ಅದೇ ಮೊದಲು. ಬಿಳಿಯ ಕಾರ್ಮಿಕರು ಕೈಬಿಟ್ಟರೂ ಲ್ಯಾಟಿನೊ ಮತ ಬೆಳೆಯುತ್ತಾ ಹೋಗುತ್ತದೆ, ಕಾಲವೇ ಗೆಲ್ಲಿಸುತ್ತದೆ ಎಂದು ಪಕ್ಷದ ಬಹುತೇಕರು ನಂಬಿದ್ದರು. ಆ ನಂಬಿಕೆಯನ್ನು ಇನ್ನು ಬಿಡಬೇಕು. ಕಾಲೇಜು ಪದವಿ ಇಲ್ಲದ ದುಡಿಯುವ ಜನ, ಬಣ್ಣ ಯಾವುದೇ ಇರಲಿ, ಪಕ್ಷದಿಂದ ದೂರ ಸರಿಯುತ್ತಿದ್ದಾರೆ.

ಪ್ರಶ್ನೆ: ಹಾಗಾದರೆ ಪಕ್ಷದ ನಿಜವಾದ ತೊಡಕು ಎಲ್ಲಿದೆ?

ಉತ್ತರ: ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ. ಜನಸಂಖ್ಯೆ ಎಷ್ಟೇ ಇರಲಿ, ಪ್ರತಿ ರಾಜ್ಯಕ್ಕೂ ಇಬ್ಬರು ಸೆನೆಟರ್‌ಗಳು. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ಆರು ಲಕ್ಷಕ್ಕೂ ಕಡಿಮೆ ಜನರ ವಯೋಮಿಂಗ್‌ಗೂ ಇಬ್ಬರು.

ಒಂದು ಹಾಳೆ ತೆಗೆದುಕೊಂಡು ಐವತ್ತು ರಾಜ್ಯಗಳನ್ನು ಮೂರು ಗುಂಪು ಮಾಡಿ. 2016, 2020, 2024 ಮೂರೂ ಬಾರಿ ಟ್ರಂಪ್ ಗೆದ್ದ ರಾಜ್ಯಗಳು 25. ಮೂರೂ ಬಾರಿ ಡೆಮಾಕ್ರಟರು ಗೆದ್ದವು 19. ಅತ್ತಿತ್ತ ವಾಲಿದವು ಆರು: ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾ, ನೆವಾಡಾ. 2024ರ ಚುನಾವಣೆಯ ನಂತರ ಮೊದಲ ಗುಂಪಿನ 50 ಸೆನೆಟ್ ಸ್ಥಾನಗಳೂ ರಿಪಬ್ಲಿಕನ್ನರ ಬಳಿ ಇವೆ, ಒಂದೂ ಬಿಟ್ಟಿಲ್ಲ. ಎರಡನೆಯ ಗುಂಪಿನ 38ರಲ್ಲಿ 37 ಡೆಮಾಕ್ರಟರ ಪಾಳಯದಲ್ಲಿವೆ. ಉಳಿದ ಒಂದು ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಅವರದು. ಮೂರನೆಯ ಗುಂಪಿನ 12ರಲ್ಲಿ ಈಗಾಗಲೇ 10 ಡೆಮಾಕ್ರಟರದ್ದೇ. ಒಟ್ಟು 47.

ಈಗ ಮುಂದಿನ ಹೆಜ್ಜೆ ನೋಡಿ. ಕಾಲಿನ್ಸ್ ಸ್ಥಾನವನ್ನೂ ಗೆದ್ದು, ಅತ್ತಿತ್ತ ವಾಲುವ ಆರೂ ರಾಜ್ಯಗಳ ಹನ್ನೆರಡೂ ಸ್ಥಾನಗಳನ್ನು ಬಾಚಿಕೊಂಡರೂ ಪಕ್ಷಕ್ಕೆ ಸಿಗುವುದು 50. ಅಲ್ಲಿಗೆ ಗಂಟು ಖಾಲಿ. ಸಮಬಲವಾದಾಗ ಉಪಾಧ್ಯಕ್ಷರ ಮತವೇ ನಿರ್ಣಾಯಕ, ಅದು ಈಗ ರಿಪಬ್ಲಿಕನ್ ಪಕ್ಷದ ಜೆ.ಡಿ. ವ್ಯಾನ್ಸ್ ಅವರದು. ಟ್ರಂಪ್ ಮೂರು ಬಾರಿ ಗೆದ್ದ ರಾಜ್ಯಗಳಲ್ಲಿ ಗೆಲ್ಲದೆ ಡೆಮಾಕ್ರಟರಿಗೆ ಬಾಳಿಕೆ ಬರುವ ಬಹುಮತ ಇಲ್ಲ ಎಂದು ಈ ಕಾರಣಕ್ಕೇ ಹೇಳುತ್ತೇವೆ. ಪಕ್ಷದ ಭವಿಷ್ಯದ ಬಗ್ಗೆ ನಡೆಯುವ ಯಾವ ಚರ್ಚೆಯೂ ಈ ಲೆಕ್ಕದಿಂದ ಶುರುವಾಗಬೇಕು.

ಇದು ಮೊದಲಿನಿಂದಲೂ ಹೀಗಿರಲಿಲ್ಲ. 2009ರಲ್ಲಿ ನಾರ್ತ್ ಡಕೋಟಾ, ಮೊಂಟಾನಾ, ವೆಸ್ಟ್ ವರ್ಜೀನಿಯಾ, ಅರ್ಕಾನ್ಸಾ ಈ ನಾಲ್ಕು ರಾಜ್ಯಗಳ ಎಂಟೂ ಸೆನೆಟರ್‌ಗಳು ಡೆಮಾಕ್ರಟರೇ. ಆಗ ಪಕ್ಷದ ಬಲ 60ಕ್ಕೆ ಮುಟ್ಟಿತ್ತು. ಇಂದು ಆ ಎಂಟರಲ್ಲಿ ಒಂದೂ ಉಳಿದಿಲ್ಲ.

ಪ್ರಶ್ನೆ: ಆ ರಾಜ್ಯಗಳಲ್ಲಿ ದುಡ್ಡು ಸುರಿದು ಪ್ರಚಾರ ಮಾಡಿದರೆ ಆಗದೇ?

ಉತ್ತರ: ಅದನ್ನು ಮಾಡಿ ನೋಡಿದ್ದಾರೆ. 2020ರಲ್ಲಿ ಕೆಂಟಕಿಯಲ್ಲಿ ರಿಪಬ್ಲಿಕನ್ ಸೆನೆಟರ್ ಮಿಚ್ ಮ್ಯಾಕಾನಲ್ ವಿರುದ್ಧ ಏಮಿ ಮೆಗ್ರಾ ಸುಮಾರು 9 ಕೋಟಿ ಡಾಲರ್ ಸಂಗ್ರಹಿಸಿದರು. ಸೋಲಿನ ಅಂತರ ಶೇ 20ರ ಹತ್ತಿರ. ಅದೇ ವರ್ಷ ಸೌತ್ ಕ್ಯಾರೊಲಿನಾದಲ್ಲಿ ಜೇಮಿ ಹ್ಯಾರಿಸನ್ ಸುಮಾರು 13 ಕೋಟಿ ಡಾಲರ್ ಕೂಡಿಸಿಯೂ ಶೇ 10ರ ಅಂತರದಿಂದ ಸೋತರು. ಆ ಹಣದ ದೊಡ್ಡ ಪಾಲು ಬಂದದ್ದು ಹೊರರಾಜ್ಯಗಳ ಜನ ಆನ್‌ಲೈನ್‌ನಲ್ಲಿ ಕೊಟ್ಟ ದೇಣಿಗೆಯಿಂದ. ಎದುರಾಳಿಯ ಮೇಲಿನ ಸಿಟ್ಟು ದೇಣಿಗೆಯಾಗಿ ಹರಿಯಿತು, ಗೆಲ್ಲುವ ಸಾಧ್ಯತೆಯನ್ನು ಯಾರೂ ಅಳೆಯಲಿಲ್ಲ. ಒಂದು ಹಂತ ದಾಟಿದ ಮೇಲೆ ಟಿ.ವಿ. ಜಾಹೀರಾತು ಹೊಸ ಮತ ತರುವುದಿಲ್ಲ. ನೋಡಿದವರೇ ಮತ್ತೆ ನೋಡುತ್ತಾರೆ.

ಅಭ್ಯರ್ಥಿಯ ಸ್ವಂತ ವರ್ಚಸ್ಸಿಗೂ ಮಿತಿಯಿದೆ. 2024ರಲ್ಲಿ ಮೊಂಟಾನಾದಲ್ಲಿ ಹ್ಯಾರಿಸ್ ಸುಮಾರು ಶೇ 20ರ ಅಂತರದಿಂದ ಸೋತರೆ, ಅಲ್ಲಿನ ರೈತ ಸೆನೆಟರ್ ಜಾನ್ ಟೆಸ್ಟರ್ ಸೋತದ್ದು ಶೇ 7ರಿಂದ. ಒಹಾಯೊದಲ್ಲಿ ಹ್ಯಾರಿಸ್‌ಗೆ ಶೇ 11ರ ಹಿನ್ನಡೆ, ಶೆರಾಡ್ ಬ್ರೌನ್‌ಗೆ ಶೇ 4ಕ್ಕಿಂತ ಕಡಿಮೆ. ಇಬ್ಬರೂ ತಮ್ಮ ಪಕ್ಷಕ್ಕಿಂತ ಎಷ್ಟೋ ಮುಂದೆ ಓಡಿದರು, ಆದರೂ ಪಕ್ಷದ ಹೆಸರಿನ ಭಾರ ಅವರನ್ನು ಕೆಳಗೆ ಎಳೆಯಿತು. ನೆಬ್ರಾಸ್ಕಾದಲ್ಲಿ ಡೆಮಾಕ್ರಟರು ಅಭ್ಯರ್ಥಿಯನ್ನೇ ಹಾಕಲಿಲ್ಲ. ಕಾರ್ಮಿಕ ಸಂಘಟನೆಯಿಂದ ಬಂದ ಪಕ್ಷೇತರ ಡ್ಯಾನ್ ಆಸ್ಬರ್ನ್ ಅಲ್ಲಿ ಸೋಲಿನ ಅಂತರವನ್ನು ಶೇ 7ಕ್ಕೆ ಇಳಿಸಿದರು. ಹ್ಯಾರಿಸ್ ಸೋತದ್ದು ಶೇ 20ರಿಂದ. ಪಕ್ಷದ ಹಣೆಪಟ್ಟಿ ಇಲ್ಲದೆ ನಿಲ್ಲುವುದು ಕೆಲವು ರಾಜ್ಯಗಳಲ್ಲಿ ಒಳ್ಳೆಯ ತಂತ್ರ. ಎಲ್ಲೆಡೆ ಅದೇ ಮದ್ದು ಎಂದು ಹೊರಟರೆ ಮಾತ್ರ ಪಕ್ಷವೇ ಕರಗಿಹೋಗುತ್ತದೆ.

ಪ್ರಶ್ನೆ: 2026ರ ಮಧ್ಯಂತರ ಚುನಾವಣೆಯಲ್ಲಿ ಎಷ್ಟು ಸ್ಥಾನ ಗೆದ್ದರೆ ಬಹುಮತ?

ಉತ್ತರ: ಮಧ್ಯಂತರ ಎಂದರೆ ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ನಿಗದಿತ ಚುನಾವಣೆ. ಕೆಳಮನೆಯಾದ ಹೌಸ್‌ನಲ್ಲಿ 435 ಸ್ಥಾನ, ಬಹುಮತಕ್ಕೆ 218. 2024ರಲ್ಲಿ ಡೆಮಾಕ್ರಟರು 215 ಗೆದ್ದಿದ್ದರು. ಆ ಲೆಕ್ಕದಲ್ಲಿ ಬೇಕಾದ್ದು ಇನ್ನು ಮೂರೇ. ಇತಿಹಾಸವೂ ಅವರ ಪರ. ಎರಡನೇ ಮಹಾಯುದ್ಧದ ನಂತರ ಮಧ್ಯಂತರ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಹೌಸ್‌ನಲ್ಲಿ ಸ್ಥಾನ ಹೆಚ್ಚಿಸಿಕೊಂಡದ್ದು 1998 ಮತ್ತು 2002ರಲ್ಲಿ ಮಾತ್ರ.

ಅಡ್ಡಿ ಎಂದರೆ ಕ್ಷೇತ್ರಗಳ ಗಡಿ. ಜನಗಣತಿಯ ನಂತರ ಹತ್ತು ವರ್ಷಕ್ಕೊಮ್ಮೆ ಆಗಬೇಕಾದ ಮರುವಿಂಗಡಣೆಯನ್ನು ಟೆಕ್ಸಾಸ್ 2025ರಲ್ಲೇ, ನಡುವೆಯೇ ಮಾಡಿತು. ಗುರಿ ಐದು ಹೆಚ್ಚುವರಿ ರಿಪಬ್ಲಿಕನ್ ಸ್ಥಾನ. ಉತ್ತರವಾಗಿ ಕ್ಯಾಲಿಫೋರ್ನಿಯಾ ಪ್ರೊಪೊಸಿಷನ್ 50 ಎಂಬ ಪ್ರಸ್ತಾವವನ್ನು ಜನರ ಮುಂದಿಟ್ಟು ಅಷ್ಟೇ ಸಂಖ್ಯೆಯ ಕ್ಷೇತ್ರಗಳನ್ನು ಡೆಮಾಕ್ರಟರ ಕಡೆಗೆ ತಿರುಗಿಸಿಕೊಂಡಿತು. ಮಿಸೌರಿ, ನಾರ್ತ್ ಕ್ಯಾರೊಲಿನಾ ಸಹ ಗಡಿ ಬದಲಿಸಿದವು. ಇದರಲ್ಲಿ ಒಂದು ಅಪಾಯ ಅಡಗಿದೆ. ಟೆಕ್ಸಾಸ್‌ನ ಹೊಸ ನಕ್ಷೆ ಗಡಿಭಾಗದ ಲ್ಯಾಟಿನೊ ಮತದಾರರು 2024ರಂತೆಯೇ ಮತ ಹಾಕುತ್ತಾರೆ ಎಂಬ ಎಣಿಕೆಯ ಮೇಲೂ ನಿಂತಿದೆ. ಅವರು ಡೆಮಾಕ್ರಟರತ್ತ ಹಿಂದಿರುಗಿದರೆ ರಿಪಬ್ಲಿಕನ್ನರು ಗೆದ್ದೇವೆಂದುಕೊಂಡ ಕ್ಷೇತ್ರಗಳೇ ಕೈತಪ್ಪುತ್ತವೆ.

ಸೆನೆಟ್‌ನಲ್ಲಿ 35 ಸ್ಥಾನಗಳಿಗೆ ಚುನಾವಣೆ. ರಿಪಬ್ಲಿಕನ್ನರು 22, ಡೆಮಾಕ್ರಟರು 13 ಉಳಿಸಿಕೊಳ್ಳಬೇಕು. ಸಂಖ್ಯೆ ನೋಡಿ ಖುಷಿಪಡಬೇಡಿ. ಆ 22ರಲ್ಲಿ ಹ್ಯಾರಿಸ್ ಗೆದ್ದ ರಾಜ್ಯ ಮೇನ್ ಒಂದೇ. ಬಹುಮತಕ್ಕೆ ನಿವ್ವಳ ನಾಲ್ಕು ಬೇಕು. ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದರೆ ಮೊದಲು ನಾರ್ತ್ ಕ್ಯಾರೊಲಿನಾ: ರಿಪಬ್ಲಿಕನ್ ಸೆನೆಟರ್ ಟಿಲಿಸ್ ನಿವೃತ್ತರಾಗುತ್ತಿದ್ದಾರೆ, ಎರಡು ಬಾರಿ ಗವರ್ನರ್ ಆಗಿದ್ದ ರಾಯ್ ಕೂಪರ್ ಡೆಮಾಕ್ರಟರ ಹುರಿಯಾಳು. ಟ್ರಂಪ್ ಆ ರಾಜ್ಯ ಗೆದ್ದ 2016 ಮತ್ತು 2020ರಲ್ಲೇ ಕೂಪರ್ ಅಲ್ಲಿ ಗವರ್ನರ್ ಚುನಾವಣೆ ಗೆದ್ದವರು. ನಂತರ ಮೇನ್. ಆಮೇಲೆ ಶೆರಾಡ್ ಬ್ರೌನ್ ಮತ್ತೆ ಕಣಕ್ಕಿಳಿದಿರುವ ಒಹಾಯೊ. ನಾಲ್ಕನೆಯದಕ್ಕೆ ಅಯೊವಾ, ಟೆಕ್ಸಾಸ್, ಅಲಾಸ್ಕಾಗಳಲ್ಲಿ ಒಂದಾದರೂ ಬರಬೇಕು. ಇಷ್ಟರ ನಡುವೆ ಜಾರ್ಜಿಯಾದಲ್ಲಿ ಜಾನ್ ಆಸಫ್ ಉಳಿಯಬೇಕು, ಡೆಮಾಕ್ರಟ್ ಸೆನೆಟರ್ ಗ್ಯಾರಿ ಪೀಟರ್ಸ್ ಬಿಟ್ಟುಕೊಟ್ಟ ಮಿಷಿಗನ್ ಕೈಬಿಡಬಾರದು. ಹೌಸ್ ಸಿಗುವ ಸಂಭವ ಹೆಚ್ಚು. ಸೆನೆಟ್ ಸಿಗಬೇಕಾದರೆ ಎಲ್ಲವೂ ಒಟ್ಟಿಗೆ ಕೂಡಿಬರಬೇಕು.

ಪ್ರಶ್ನೆ: ಪಕ್ಷ ಮಮ್ದಾನಿಯ ಎಡದಾರಿ ಹಿಡಿಯಬೇಕೋ, ನಡುದಾರಿಯೋ?

ಉತ್ತರ: 2025ರ ನವೆಂಬರ್ 4ರಂದು ಎರಡೂ ದಾರಿಯವರು ಗೆದ್ದರು. ನ್ಯೂಯಾರ್ಕ್ ನಗರದ ಮೇಯರ್ ಆಗಿ ಜೊಹ್ರಾನ್ ಮಮ್ದಾನಿ, ವರ್ಜೀನಿಯಾ ಗವರ್ನರ್ ಆಗಿ ಸಿಐಎಯಲ್ಲಿ ಕೆಲಸ ಮಾಡಿದ್ದ ಅಬಿಗೇಲ್ ಸ್ಪ್ಯಾನ್‌ಬರ್ಗರ್, ನ್ಯೂಜೆರ್ಸಿ ಗವರ್ನರ್ ಆಗಿ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಮಿಕಿ ಶೆರಿಲ್. ಮಮ್ದಾನಿ ಬಾಡಿಗೆ ಏರಿಕೆಗೆ ತಡೆ, ಉಚಿತ ಬಸ್ ಎಂದರು. ಶೆರಿಲ್ ವಿದ್ಯುತ್ ದರ ಏರದಂತೆ ತಡೆಯುತ್ತೇನೆ ಎಂದರು. ಸಿದ್ಧಾಂತ ಬೇರೆ, ವಿಷಯ ಒಂದೇ: ತಿಂಗಳ ಖರ್ಚು. ಮತದಾರ ಕೇಳಲು ಬಯಸಿದ್ದೂ ಅದನ್ನೇ.

ಆದರೆ ನ್ಯೂಯಾರ್ಕ್‌ನ ಗೆಲುವನ್ನು ಒಹಾಯೊಗೆ ಹೊತ್ತೊಯ್ಯಲಾಗದು. ಆ ಮೂರೂ ಗೆಲುವು ಹ್ಯಾರಿಸ್ ಗೆದ್ದ ನೆಲದಲ್ಲೇ ಬಂದವು. ಸೆನೆಟ್‌ಗೆ ಬೇಕಾದ ರಾಜ್ಯಗಳಲ್ಲಿ ವಲಸೆ, ಬಂದೂಕು, ಇಂಧನದ ವಿಚಾರದಲ್ಲಿ ಅಭ್ಯರ್ಥಿ ರಾಷ್ಟ್ರೀಯ ನಾಯಕರಿಗೆ ಎದುರಾಗಿ ಮಾತನಾಡಬೇಕಾಗುತ್ತದೆ. ಅಂಥವರನ್ನು ಪಕ್ಷದ್ರೋಹಿ ಎಂದು ಜರೆಯದೆ ಸಹಿಸುವ ದೊಡ್ಡ ಮನಸ್ಸು ಪಕ್ಷಕ್ಕೆ ಬರಬೇಕು. ನಮ್ಮ ಮಟ್ಟಿಗೆ ಎಡವೋ ನಡುವೋ ಎಂಬುದಕ್ಕಿಂತ ಇದು ದೊಡ್ಡ ಪ್ರಶ್ನೆ.

ಪ್ರಶ್ನೆ: ಹೈಕಮಾಂಡ್ ಒಂದು ತೀರ್ಮಾನ ಮಾಡಿ ಅಭ್ಯರ್ಥಿಗಳನ್ನು ಹಾಕಬಾರದೇ?

ಉತ್ತರ: ಅಲ್ಲಿ ಬಿ ಫಾರಂ ಕೊಡುವವರೇ ಇಲ್ಲ. ಅಭ್ಯರ್ಥಿಯನ್ನು ಆರಿಸುವುದು ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಚುನಾವಣೆಯಲ್ಲಿ ಮತ ಹಾಕುವ ಸಾಮಾನ್ಯ ಜನ. ಕೆನ್ ಮಾರ್ಟಿನ್ 2025ರ ಫೆಬ್ರುವರಿಯಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ರಾಷ್ಟ್ರೀಯ ಸಮಿತಿಯ ಕೆಲಸ ಮತದಾರರ ಮಾಹಿತಿ ಕೋಶ ನಿಭಾಯಿಸುವುದು, ರಾಜ್ಯ ಘಟಕಗಳಿಗೆ ಹಣ ಕೊಡುವುದು, ಅಧ್ಯಕ್ಷೀಯ ಪ್ರೈಮರಿಗಳ ಕ್ರಮ ನಿಗದಿ ಮಾಡುವುದು. ಯಾರನ್ನೂ ಕಣದಿಂದ ಹಿಂದೆ ಸರಿಸುವ ಅಧಿಕಾರ ಅದಕ್ಕಿಲ್ಲ.

ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರ ಉದಾಹರಣೆ ಸಾಕು. 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಲವು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಗಿ, ಶೇ 28ರಷ್ಟು ಮತದಲ್ಲೇ ಅವರು ಟಿಕೆಟ್ ಗೆದ್ದರು. ಡೆಟ್ರಾಯಿಟ್ ಭಾಗದ ಆ ಕ್ಷೇತ್ರ ಡೆಮಾಕ್ರಟರ ಭದ್ರಕೋಟೆ, ಹಾಗಾಗಿ ಪ್ರೈಮರಿ ನಡೆದ ಆಗಸ್ಟ್‌ನಲ್ಲೇ ಫಲಿತಾಂಶ ತೀರ್ಮಾನವಾದಂತೆ. ಭದ್ರ ಕ್ಷೇತ್ರಗಳಲ್ಲಿ ನಿಜವಾದ ಚುನಾವಣೆ ಪ್ರೈಮರಿಯೇ.

ಪ್ರಶ್ನೆ: 2028ರ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯಲ್ಲಿ ಯಾವ ನಿಯಮ ಮುಖ್ಯ?

ಉತ್ತರ: ಶೇ 15ರ ನಿಯಮ. ಒಂದು ರಾಜ್ಯದ ಪ್ರೈಮರಿಯಲ್ಲಿ ಅಷ್ಟು ಮತ ಪಡೆದವರಿಗೆಲ್ಲ, ಪಕ್ಷದ ಮಹಾ ಅಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತಾರೆ; ಅದಕ್ಕಿಂತ ಕಡಿಮೆ ಪಡೆದವರಿಗೆ ಸೊನ್ನೆ. ಹೆಚ್ಚು ಮಂದಿ ನಿಂತರೆ ಯಾರಿಗೂ ಬಹುಮತ ಬಾರದೆ ಸ್ಪರ್ಧೆ ಎಳೆದಾಡುತ್ತದೆ. 2020ರಲ್ಲಿ ಹಾಗಾಗದಿರಲು ಕಾರಣ ಮೂರೇ ದಿನ. ಫೆಬ್ರುವರಿ 29ರಂದು ಬೈಡನ್ ಸೌತ್ ಕ್ಯಾರೊಲಿನಾ ಗೆದ್ದರು, ಪ್ರತಿಸ್ಪರ್ಧಿಗಳಾದ ಬೂಟೆಜೆಜ್ ಮತ್ತು ಕ್ಲೋಬುಚರ್ ಹಿಂದೆ ಸರಿದರು, ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇ ಬೈಡನ್ ಪಾಲಾಯಿತು. ಸೂಪರ್ ಡೆಲಿಗೇಟ್‌ಗಳು ಎಂದು ಕರೆಯುವ ಪಕ್ಷದ ಹಿರಿಯರಿಗೆ, ಪೈಪೋಟಿ ಇದ್ದಾಗ ಅಧಿವೇಶನದ ಮೊದಲ ಸುತ್ತಿನಲ್ಲಿ ಮತವಿಲ್ಲ ಎಂಬ ತಿದ್ದುಪಡಿ 2018ರಲ್ಲೇ ಆಗಿದೆ.

ಪ್ರಶ್ನೆ: ವಾಷಿಂಗ್ಟನ್ ಡಿ.ಸಿ.ಗೆ ರಾಜ್ಯದ ಸ್ಥಾನ ಕೊಟ್ಟರೆ ಸೆನೆಟ್ ಸಮಸ್ಯೆ ಬಗೆಹರಿಯುತ್ತದೆಯೇ?

ಉತ್ತರ: ರಾಜಧಾನಿ ಯಾವ ರಾಜ್ಯಕ್ಕೂ ಸೇರಿಲ್ಲ, ಹಾಗಾಗಿ ಅದಕ್ಕೆ ಸೆನೆಟರ್‌ಗಳಿಲ್ಲ. ರಾಜ್ಯವಾದರೆ ಎರಡು ಸ್ಥಾನ ಸಿಗಬಹುದು. ಹೌಸ್ 2020 ಮತ್ತು 2021ರಲ್ಲಿ ಮಸೂದೆ ಅಂಗೀಕರಿಸಿತ್ತು, ಸೆನೆಟ್‌ನಲ್ಲಿ ಅದು ಮುಂದೆ ಸಾಗಲಿಲ್ಲ. ಚರ್ಚೆ ಮುಗಿಸಲು ಅಲ್ಲಿ 60 ಮತ ಬೇಕು. ಸೆನೆಟ್ ಗೆಲ್ಲಲು ಬೇಕಾದ ದಾರಿಗೆ ಮೊದಲು ಸೆನೆಟ್ಟೇ ಕೈಯಲ್ಲಿರಬೇಕು.

ಪ್ರಶ್ನೆ: 2030ರ ಜನಗಣತಿ ಪಕ್ಷಕ್ಕೆ ಹೊಡೆತ ಎನ್ನುತ್ತಾರೆ, ಏಕೆ?

ಉತ್ತರ: ರಾಜ್ಯದ ಹೌಸ್ ಸ್ಥಾನಗಳು, ಅವುಗಳ ಜತೆಗೆ ಎಲೆಕ್ಟರ್‌ಗಳ ಸಂಖ್ಯೆಯೂ ಜನಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಒಂದು ಸ್ಥಾನ ಕಳೆದುಕೊಂಡಿತು. ನ್ಯೂಯಾರ್ಕ್, ಇಲಿನಾಯ್ ಕೂಡ ಒಂದೊಂದು. ಟೆಕ್ಸಾಸ್‌ಗೆ ಎರಡು, ಫ್ಲಾರಿಡಾಕ್ಕೆ ಒಂದು ಸೇರಿದವು. ಮನೆ ಬೆಲೆ, ಬಾಡಿಗೆ ತಾಳದ ಜನ ದಕ್ಷಿಣಕ್ಕೆ ಹೋಗುತ್ತಲೇ ಇದ್ದಾರೆ. ಇದೇ ಓಟ ಮುಂದುವರಿದರೆ 2032ರಲ್ಲಿ ಮೊದಲು ಹೇಳಿದ 226ರ ತಳವೇ ಕುಸಿಯುತ್ತದೆ, ಮೂರು ರಾಜ್ಯಗಳ 44 ಸೇರಿಸಿದರೂ 270 ಮುಟ್ಟುವುದಿಲ್ಲ. ಆಗ ಜಾರ್ಜಿಯಾ, ಅರಿಜೋನಾ ಅಥವಾ ನಾರ್ತ್ ಕ್ಯಾರೊಲಿನಾ ಇಲ್ಲದೆ ಅಧ್ಯಕ್ಷ ಪದವಿಯೂ ಇಲ್ಲ. ಡೆಮಾಕ್ರಟರೇ ಆಳುವ ರಾಜ್ಯಗಳು ಮನೆ ಕಟ್ಟಲು ಇರುವ ನಿರ್ಬಂಧಗಳನ್ನು ಸಡಿಲಿಸುವುದು ಪಕ್ಷದ ಉಳಿವಿನ ಪ್ರಶ್ನೆಯೂ ಹೌದು.

ಪ್ರಶ್ನೆ: 2026ರ ನವೆಂಬರ್ 3ರ ಮತ ಎಣಿಕೆಯಲ್ಲಿ ಏನನ್ನು ಗಮನಿಸಬೇಕು?

ಉತ್ತರ: ಆರಂಭದ ಮುನ್ನಡೆಯನ್ನು ನಂಬಬೇಡಿ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲಿ ಅಂಚೆ ಮತಗಳ ಲಕೋಟೆಗಳನ್ನು ಮತದಾನದ ದಿನಕ್ಕೆ ಮೊದಲು ತೆರೆಯುವಂತಿಲ್ಲ. ಅಂಚೆ ಮತ ಹೆಚ್ಚು ಹಾಕುವವರು ಡೆಮಾಕ್ರಟರು, ಹಾಗಾಗಿ ಅವರ ಎಣಿಕೆ ತಡವಾಗಿ ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಲಕೋಟೆಯ ಸಹಿ ಹೋಲಿಸುವುದರಿಂದ ವಾರಗಳೇ ಹಿಡಿಯಬಹುದು. ಹೌಸ್‌ನ ಬಹುಮತ ಕೆಲವೇ ಸ್ಥಾನಗಳ ಮೇಲೆ ನಿಂತರೆ ಅಲ್ಲಿಯವರೆಗೆ ಕಾಯಬೇಕು. ಅದಕ್ಕಿಂತ ಮೊದಲೇ ಸುಳಿವು ಕೊಡುವುದು ನಾರ್ತ್ ಕ್ಯಾರೊಲಿನಾ. ಕೂಪರ್ ಅಲ್ಲಿ ಸೋತರೆ ಸೆನೆಟ್ ಲೆಕ್ಕವನ್ನು ಆ ರಾತ್ರಿಯ ಮಟ್ಟಿಗೆ ಬದಿಗಿಟ್ಟು ಹೌಸ್ ಕಡೆ ಕಣ್ಣು ಹಾಯಿಸಿ.