ಮೊದಲು ರಾತ್ರಿ ಗಟ್ಟಿ ಮಾಡಿಕೊಳ್ಳಿ, ದಾರಿ ಆಮೇಲೆ

ಪ್ರಶ್ನೆ: ನಾವು ಬಳ್ಳಾರಿಯವರು. ನಾಲ್ಕು ಮನೆಯವರು ಸೇರಿ 13 ಜನ. ಅದರಲ್ಲಿ ಇಬ್ಬರು ಅಜ್ಜಿಯರು, ಐದು ಮಕ್ಕಳು. ಡಿಸೆಂಬರ್ ಕೊನೆಯ ವಾರ ಮೂರು ಕ್ಯಾಂಪರ್ ವ್ಯಾನ್ (ಒಳಗೇ ಮಲಗುವ ವ್ಯವಸ್ಥೆ ಇರುವ ವ್ಯಾನ್) ಬಾಡಿಗೆಗೆ ತಗೊಂಡು ಐದು ದಿನ ಸುತ್ತುವ ಆಸೆ. ಶನಿವಾರ ಹೊರಟು ಕಂಪ್ಲಿ, ಗಂಗಾವತಿ ಮೇಲೆ ಆನೆಗೊಂದಿ. ಅಲ್ಲಿಂದ ಕೊಪ್ಪಳ, ಇಟಗಿ, ಮುದಗಲ್, ಮಸ್ಕಿ, ರಾಯಚೂರು. ವಾಪಸ್ ಸಿಂಧನೂರು, ಸಿರುಗುಪ್ಪ ಮೇಲೆ. ಆನೆಗೊಂದಿ ಕಡೆ ನಾಲ್ಕು ಹೋಂಸ್ಟೇಗೆ ಫೋನ್ ಮಾಡಿದೆವು. ಮೂರು ವ್ಯಾನ್‌ಗೆ ಜಾಗ ಇಲ್ಲ ಅಂದರು. ಕಾಲುವೆ ದಂಡೆ ಮೇಲೆ ಎಲ್ಲಾದರೂ ನಿಲ್ಲಿಸಬಹುದೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ. ಬೇಡ. 2025ರ ಮಾರ್ಚ್‌ನಲ್ಲಿ ಆನೆಗೊಂದಿ ಹತ್ತಿರದ ಸಾಣಾಪುರದ ಕಾಲುವೆ ಬಳಿ ರಾತ್ರಿ ಪ್ರವಾಸಿಗರ ಮೇಲೆ ನಡೆದ ದಾಳಿಯನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆ ಗುಡ್ಡಗಳಲ್ಲಿ ಚಿರತೆ, ಕರಡಿ ಬೇರೆ ಇವೆ. ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲಿ ಮಲಗುವ ಜಾಗ ಅದಲ್ಲ. ಕಾಂಪೌಂಡ್ ಇರುವ, ರಾತ್ರಿ ಒಬ್ಬರಾದರೂ ಎದ್ದಿರುವ ಕಡೆಯೇ ನಿಲ್ಲಿಸಿ.

ನೀವು ಮೊದಲು ದಾರಿ ಬರೆದು, ಆಮೇಲೆ ಆ ದಾರಿಗೆ ತಕ್ಕ ಜಾಗ ಹುಡುಕುತ್ತಿದ್ದೀರಿ. ಕ್ಯಾಂಪರ್ ವ್ಯಾನ್ ಪ್ರವಾಸದಲ್ಲಿ ಇದು ತಿರುಗಾಮುರುಗಾ. ನಮ್ಮ ಭಾಗದಲ್ಲಿ ವ್ಯಾನ್‌ಗೆಂದೇ ಮಾಡಿದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಇರುವುದು ಹೋಂಸ್ಟೇ ಅಂಗಳ, ಹೋಟೆಲ್ ಹಿಂದಿನ ಬಯಲು, ಪರಿಚಯದವರ ತೋಟ. ಹಾಗಾಗಿ ಒಂದು ಹಾಳೆಯಲ್ಲಿ ನಾಲ್ಕು ರಾತ್ರಿ ಬರೆಯಿರಿ. ಯಾವ ರಾತ್ರಿಗೆ ಜಾಗ ಸಿಗುವುದು ಕಷ್ಟವೋ ಅದನ್ನು ಮೊದಲು ಗಟ್ಟಿ ಮಾಡಿ. ಉಳಿದ ಮೂರು ಅದರ ಸುತ್ತ ಹೊಂದಿಕೊಳ್ಳುತ್ತವೆ.

ನಿಮ್ಮ ಕಷ್ಟದ ರಾತ್ರಿ ಆನೆಗೊಂದಿ. ಅದನ್ನೇ ನೀವು ಶನಿವಾರ ಇಟ್ಟುಕೊಂಡಿದ್ದೀರಿ. ಬೆಂಗಳೂರಿನವರು, ಹೈದರಾಬಾದಿನವರು ಬರುವುದೂ ಅವತ್ತೇ, ಪಕ್ಕದ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಭಕ್ತರು ಬರುವುದೂ ಅವತ್ತೇ. ಸುತ್ತನ್ನು ತಿರುಗಿಸಿ. ಶನಿವಾರ ಸಿರುಗುಪ್ಪ ಮೇಲೆ ನೇರ ರಾಯಚೂರಿಗೆ ಹೋಗಿ, ಕೋಟೆ ನೋಡಿ. ಭಾನುವಾರ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ನೋಡಿ, ಅದು ಸಿಕ್ಕಿದ್ದು 1915ರಲ್ಲಿ. ಅಲ್ಲಿಂದ ಮುದಗಲ್ ಕೋಟೆ ನೋಡಿಕೊಂಡು ಲಿಂಗಸುಗೂರು ಕಡೆ ಉಳಿಯಿರಿ. ಸೋಮವಾರ ಕೊಪ್ಪಳ. ಮಂಗಳವಾರ ಬೆಳಿಗ್ಗೆ ಇಟಗಿ, ಸಂಜೆಗೆ ಆನೆಗೊಂದಿ. ಬುಧವಾರ ಕಂಪ್ಲಿ ಮೇಲೆ ಮನೆ. ನೋಡುವ ಊರು ಅವೇ, ಜಾಗ ಸಿಗುವ ಸಾಧ್ಯತೆ ಮಾತ್ರ ಜಾಸ್ತಿ.

ಆದರೆ ಡಿಸೆಂಬರ್ ಕೊನೆಯ ವಾರದಲ್ಲಿ ಮಂಗಳವಾರವೂ ತುಂಬಿರುತ್ತದೆ. ಆಗುವುದಾದರೆ ಜನವರಿಗೆ ಸರಿಸಿ. ಆಗ ಗವಿಮಠದ ಜಾತ್ರೆ ತಾರೀಖು ಕೇಳಿಕೊಳ್ಳಿ. ಪುಷ್ಯ ಹುಣ್ಣಿಮೆ ಆಸುಪಾಸು ಕೊಪ್ಪಳದಲ್ಲಿ ವ್ಯಾನ್ ಇರಲಿ, ಬೈಕ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಡಿಸೆಂಬರ್‌ಗೇ ಹೋಗುವುದಾದರೆ ಮಾಲೆ ಧರಿಸಿದ ಭಕ್ತರು ಅಂಜನಾದ್ರಿಗೆ ಬಂದು ಮಾಲೆ ತೆಗೆಯುವ ಹನುಮಮಾಲೆ ವಿಸರ್ಜನೆಯ ದಿನ ತಪ್ಪಿಸಿ.

ಇನ್ನೊಂದು ಮಾತು. ಮೂರು ವ್ಯಾನ್ ಅಂದಾಗಲೇ ಹೋಂಸ್ಟೇಯವರು ಇಲ್ಲ ಅನ್ನುತ್ತಾರೆ. ಎರಡು ವ್ಯಾನ್, ಎರಡು ರೂಮು ಅಂತ ಕೇಳಿ ನೋಡಿ. ವ್ಯಾನ್‌ಗೆ ನಾಲ್ವರಂತೆ ಎಂಟು ಜನ ಆಯಿತು, ಉಳಿದ ಐವರು ರೂಮಿನಲ್ಲಿ. ಅಜ್ಜಿಯರಿಗೂ ರಾತ್ರಿ ಮೆಟ್ಟಿಲು ಹತ್ತಿ ಇಳಿಯುವ ತಾಪತ್ರಯ ತಪ್ಪುತ್ತದೆ. ರೂಮಿನ ವ್ಯಾಪಾರ ಆಗುವುದರಿಂದ ಅಂಗಳ ಕೊಡಲು ಅವರಿಗೂ ಖುಷಿ. ಹಂಪಿ ಎದುರು ಹೊಳೆಯಾಚೆಗಿನ ವಿರೂಪಾಪುರ ಗಡ್ಡೆಯ ಹೆಸರು ಉಳಿಯುವ ಜಾಗಗಳ ಹಳೆಯ ಪಟ್ಟಿಗಳಲ್ಲಿ ಇನ್ನೂ ಕಾಣುತ್ತದೆ. ಅಲ್ಲಿನ ರೆಸಾರ್ಟ್‌ಗಳನ್ನು 2020ರಲ್ಲೇ ತೆರವು ಮಾಡಿದರು. ಆನೆಗೊಂದಿ ಆಗದಿದ್ದರೆ ಕಡೆಬಾಗಿಲು ಸೇತುವೆ ದಾಟಿ ಕಮಲಾಪುರ ಕಡೆ ಕೇಳಿ.

ಫೋನಿನಲ್ಲಿ "ಜಾಗ ಐತೇನ್ರಿ" ಅಂದರೆ "ಐತ್ರಿ, ಬರ್ರಿ" ಅನ್ನುತ್ತಾರೆ. ಅದನ್ನು ನಂಬಿ ಹೋಗಬೇಡಿ. ವ್ಯಾನಿನ ಉದ್ದ, ಎತ್ತರ ಹೇಳಿ. ಗೇಟಿನ ಫೋಟೊ ತರಿಸಿಕೊಳ್ಳಿ, ಮೇಲೆ ತೂಗುವ ವೈರು, ಬೇವಿನ ಕೊಂಬೆ ಕಾಣಬೇಕು. ಒಳಗೆ ತಿರುಗಿಸಲು ಆಗುತ್ತದಾ, 15 ಆಂಪಿಯರ್ ಪ್ಲಗ್ ಎಷ್ಟಿವೆ, ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡುವುದು ಅಂತ ಬಾಯಿಬಿಟ್ಟು ಕೇಳಿ. ಅಡ್ವಾನ್ಸ್ ಕೊಟ್ಟ ಮೇಲೆ ತಾರೀಖು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಈ ಫೋನೆಲ್ಲ ಒಬ್ಬರೇ ಮಾಡಬೇಕು. ನಾಲ್ಕು ಮನೆಯವರೂ ಮಾಡಿದರೆ ನಾಲ್ಕು ಥರ ಉತ್ತರ ಬರುತ್ತದೆ.

ಮತ್ತೆ ನೆಲ ಎಂಥದ್ದು ಅಂತ ಕೇಳುವುದನ್ನು ಮರೆಯಬೇಡಿ. ಒಂದು ಅಕ್ಟೋಬರ್‌ನಲ್ಲಿ ಕುಕನೂರು ಕಡೆ ಹೊಲದ ಅಂಚಿನಲ್ಲಿ ವ್ಯಾನ್ ನಿಲ್ಲಿಸಿದ್ದೆ. ಸಂಜೆ ನೆಲ ಕಲ್ಲಿನ ಹಾಗಿತ್ತು. ರಾತ್ರಿ ಅರ್ಧ ಗಂಟೆ ಮಳೆ. ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರ ಎರಡೂ ಎರೆಮಣ್ಣಿನಲ್ಲಿ ಅರ್ಧ ಮುಳುಗಿದ್ದವು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಹೊಲದ ಯಜಮಾನರು ಬಂದು ಮೆಕ್ಕೆಜೋಳದ ದಂಟು ಚಕ್ರದ ಕೆಳಗೆ ತುರುಕಿ, ಟ್ರ್ಯಾಕ್ಟರ್ ಕಟ್ಟಿ ಎಳೆದರು. ಚಕ್ರಕ್ಕೆ ಹತ್ತಿದ ಮಣ್ಣು ಕುಡುಗೋಲಿನಿಂದ ಕೆರೆದರೂ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಮಳೆ ಕಡಿಮೆ, ನಿಜ. ಆದರೆ ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಿರುವ ಹೊಲ. ಮುರ್ರಂ (ಗರಸು ಮಣ್ಣು) ಹಾಕಿದ ಅಂಗಳ ಅಥವಾ ಕಾಂಕ್ರೀಟ್ ನೆಲವನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ರಾತ್ರಿ ಚಳಿ ಇದ್ದರೆ ವ್ಯಾನ್ ಒಳಗೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬಹುದೇ? (ಸಿಂಧನೂರಿನಿಂದ)

ಉತ್ತರ: ಖಂಡಿತ ಬೇಡ. ಮುಚ್ಚಿದ ವ್ಯಾನಿನಲ್ಲಿ ಒಲೆ, ಇದ್ದಿಲು ಏನೇ ಉರಿದರೂ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅಡುಗೆ ಹೊರಗೆ ಮಾಡಿ, ಸಿಲಿಂಡರ್ ವಾಲ್ವ್ ಬಂದ್ ಮಾಡಿ ಮಲಗಿ, ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ನಮ್ಮ ಕಡೆಯ ಚಳಿಗೆ ಒಂದು ದಪ್ಪ ಕೌದಿ ಸಾಕು.